ಗಾಡಿ ಟೈರು ‘ತಿನ್ನುವುದು’ ಏಕೆ? ಅಲೈನ್‌ಮೆಂಟ್ ಮಾಡಿಸಿದರೆ ಸಾಕೇ?

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಅಮಾವಾಸ್ಯೆಯಂದು ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಬರುವ ಗಾಡಿಗಳಲ್ಲಿ ಹಳೆಯ ಬೊಲೆರೊ, ಟ್ರ್ಯಾಕ್ಸ್, ಓಮ್ನಿಗಳೂ ಇರುತ್ತವೆ. ಸೀಟಿಗಿಂತ ಹೆಚ್ಚು ಜನ, ಮೇಲೆ ಅಡುಗೆ ಸಾಮಾನು. ‘ಗಾಳಿ’ ಬಿಡಿಸಿಕೊಳ್ಳಲು ಬರುವವರನ್ನು ಹೊತ್ತು ತರುವ ಆ ಗಾಡಿಗಳ ಟೈರಿನ ಗಾಳಿಯನ್ನು ಮಾತ್ರ ಯಾರೂ ನೋಡಿರುವುದಿಲ್ಲ! ಒಂದು ಅಂಚು ಪೂರ್ತಿ ನುಣ್ಣಗಾಗಿ, ಇನ್ನೊಂದು ಅಂಚು ಹೊಸದರಂತೆ ಉಳಿದಿರುವ ಟೈರುಗಳನ್ನು ನೀವೂ ನೋಡಿರಬಹುದು. ‘ಗಾಡಿ ಟೈರು ತಿಂತಾ ಇದೆ’ ಎನ್ನುತ್ತಾರೆ ಮೆಕ್ಯಾನಿಕ್‌ಗಳು. ‘ಟೈರೇ ಸರಿ ಇಲ್ಲ, ಕಂಪನಿ ಮೋಸ’ ಎನ್ನುತ್ತಾರೆ ಮಾಲೀಕರು. ಯಾರ ಮಾತು ಸರಿ? ನೋಡೋಣ.

ಸವೆತದ ಗುರುತುಗಳನ್ನು ಓದುವುದು ಹೇಗೆ?

ಟೈರು ಎಲ್ಲಿ ಸವೆದಿದೆ ಎಂಬುದೇ ಕಾರಣವನ್ನು ಹೇಳುತ್ತದೆ.

- ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಹೆಚ್ಚು.
- ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ.
- ಒಂದೇ ಅಂಚು ಸವೆದಿದ್ದರೆ ಚಕ್ರದ ಕೋನ ತಪ್ಪಿದೆ.
- ಕೈ ಆಡಿಸಿದಾಗ ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಹತ್ತಿದರೆ ಚಕ್ರದ ‘ಟೋ’ ತಪ್ಪಿದೆ.
- ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಅಥವಾ ಚಕ್ರದ ಬ್ಯಾಲೆನ್ಸ್ ಕೆಟ್ಟಿದೆ.

‘ಟೋ’ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವ ಪ್ರಮಾಣ. ನಾವು ನಡೆಯುವಾಗ ಪಾದ ಒಳಕ್ಕೆ ತಿರುಗಿದ್ದರೆ ಚಪ್ಪಲಿ ಒಂದು ಕಡೆ ಸವೆಯುವುದಿಲ್ಲವೇ, ಹಾಗೆಯೇ ಇದು. ಚಕ್ರವೊಂದು ತಾನು ಸಾಗುವ ದಿಕ್ಕಿನಿಂದ ಕೇವಲ ಅರ್ಧ ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರ್‌ನಷ್ಟು ಅಡ್ಡಕ್ಕೆ ಉಜ್ಜಿಕೊಂಡೇ ಸಾಗುತ್ತದೆ. ಟೈರು ಕೆಲವೇ ಸಾವಿರ ಕಿಲೋಮೀಟರಿಗೆ ಮುಗಿಯುವುದು ಹೀಗೆ. ಇಂಥ ಕಡೆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಅಲೈನ್‌ಮೆಂಟ್ ಮಾಡಿಸಿದರೂ ಮತ್ತೆ ಯಾಕೆ ಸವೆಯುತ್ತದೆ?

ಇಲ್ಲಿಯೇ ದೊಡ್ಡ ತಪ್ಪುಕಲ್ಪನೆ ಇರುವುದು. ಅಲೈನ್‌ಮೆಂಟ್ ಯಂತ್ರ ಕೋನವನ್ನು ಅಳೆಯುತ್ತದೆ, ಅಷ್ಟೇ. ಕೋನವನ್ನು ಸರಿಪಡಿಸಬೇಕಾದರೆ ಟೈ ರಾಡ್ ತಿರುಗಬೇಕು, ಅದರ ಲಾಕ್ ನಟ್ ಸಡಿಲವಾಗಬೇಕು, ಕೆಲವು ಗಾಡಿಗಳಲ್ಲಿ ತೂಗುವ್ಯವಸ್ಥೆಯ ಬೋಲ್ಟುಗಳೂ ಕದಲಬೇಕು. ಹಳೆಯ ಗಾಡಿಯಲ್ಲಿ ಇವೆಲ್ಲ ಜಾಮ್ ಆಗಿರುತ್ತವೆ. ಆಗ ಪರದೆಯ ಮೇಲೆ ಕೆಂಪು ಅಂಕಿ ಕಂಡರೂ ಏನೂ ಬದಲಾಗುವುದಿಲ್ಲ. ಹಾಗಾಗಿ ಅಲೈನ್‌ಮೆಂಟ್‌ಗೆ ಮುಂಚಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಎರಡೂ ಒಂದೇ ಆಗಿದ್ದರೆ ನೀವು ದುಡ್ಡು ಕೊಟ್ಟಿದ್ದು ಅಳತೆಗೆ ಮಾತ್ರ.

ಬುಷ್, ಬಾಲ್ ಜಾಯಿಂಟ್, ಬೇರಿಂಗ್‌ಗಳಲ್ಲಿ ಆಟ ಬಂದಿದ್ದರೆ ಅವನ್ನು ಮೊದಲು ಬದಲಿಸಬೇಕು. ಅವು ಅಲ್ಲಾಡುತ್ತಿರುವಾಗ ಅಲೈನ್‌ಮೆಂಟ್ ಮಾಡಿಸಿದರೆ ಮೊದಲ ಗುಂಡಿಯಲ್ಲೇ ಕೋನ ಬದಲಾಗುತ್ತದೆ. ಹಿಂದೆ ಲೀಫ್ ಸ್ಪ್ರಿಂಗ್ ಪಟ್ಟಿಗಳಿರುವ ಗಾಡಿಗಳಲ್ಲಿ ಯು-ಬೋಲ್ಟ್ ಸಡಿಲವಾಗಿ ಸೆಂಟರ್ ಬೋಲ್ಟ್ ತುಂಡಾದರೆ ಇಡೀ ಅಚ್ಚೇ ಓರೆಯಾಗಿ ಕೂರುತ್ತದೆ. ಇನ್ನು ಟೈರುಗಳನ್ನು ಹಿಂದೆ ಮುಂದೆ ಬದಲಿಸುವುದು ಸವೆತವನ್ನು ಹಂಚುತ್ತದೆಯೇ ಹೊರತು ಅದರ ಕಾರಣವನ್ನು ತೆಗೆಯುವುದಿಲ್ಲ.

ಬೋಲ್ಟು ಜಾಮ್ ಆಗುವುದರ ಹಿಂದಿನ ವಿಜ್ಞಾನ

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಬೋಲ್ಟಿನ ಥ್ರೆಡ್ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಲ್ಲಿ ಹುಟ್ಟಿದ ತುಕ್ಕಿಗೆ ಹಿಗ್ಗಲು ಜಾಗವಿಲ್ಲದೆ ಎರಡನ್ನೂ ಬೆಸುಗೆ ಹಾಕಿದಂತೆ ಹಿಡಿದುಬಿಡುತ್ತದೆ. ರಬ್ಬರ್ ಬುಷ್‌ನ ಒಳಗಿನ ಉಕ್ಕಿನ ಕೊಳವೆಯೂ ಬೋಲ್ಟೂ ಅಂಟಿಕೊಳ್ಳುವುದು ಇನ್ನೂ ಕಷ್ಟದ ಜಾಗ. ನಟ್ಟು ಬಿಚ್ಚಿ ಬಂದರೂ ಬೋಲ್ಟು ಹೊರಗೆ ಬರುವುದಿಲ್ಲ.

ದಾವಣಗೆರೆ ಸೀಮೆಗೆ ಕರಾವಳಿಯ ಉಪ್ಪುಗಾಳಿ ಇಲ್ಲ, ನಿಜ. ಆದರೆ ಭದ್ರಾ ನಾಲೆಯ ಭತ್ತದ ಗದ್ದೆಗಳ ಕೆಸರು ಗಾಡಿಯ ತಳಕ್ಕೆ ಮೆತ್ತಿಕೊಂಡು ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದಾಗ ಉಕ್ಕಡಗಾತ್ರಿಯ ಸ್ನಾನಘಟ್ಟ ಮುಳುಗಿ, ಫತ್ತೇಪುರ ಕಡೆಯ ರಸ್ತೆಯ ಮೇಲೂ ನೀರು ಬರುವುದುಂಟು. ಅಂಥ ನೀರಿನಲ್ಲಿ ಗಾಡಿ ಇಳಿಸುವುದೇ ಅಪಾಯ. ಇಳಿಸಿದ್ದರೆ, ಮನೆಗೆ ಬಂದ ಮೇಲೆ ತಳಭಾಗದ ಕೆಸರನ್ನಾದರೂ ತೊಳೆದು ಒಣಗಿಸಬೇಕು.

ಜಾಮ್ ಆದ ಬೋಲ್ಟು: ಯಾವುದು ನಿಜ, ಯಾವುದು ಸುಳ್ಳು?

‘ಉದ್ದನೆಯ ಪೈಪ್ ಹಾಕಿ ತಿರುಗಿಸಿದರೆ ಬರುತ್ತದೆ.’ ಅರ್ಧ ನಿಜ. ಬಲ ಹೆಚ್ಚುತ್ತದೆ, ಆದರೆ ತುಕ್ಕು ಬಿಡುವ ಮೊದಲೇ ಬೋಲ್ಟಿನ ತಲೆ ಮುರಿಯಬಹುದು. ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಸ್ವಲ್ಪ ಬಿಗಿಮಾಡಿ, ಆಮೇಲೆ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸಿ.

‘ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು.’ ತೆಳುವಾಗಿರುವುದರಿಂದ ಇವು ಸಂದಿಗೆ ಸ್ವಲ್ಪ ಇಳಿಯುತ್ತವೆ, ಆದರೆ ತುಕ್ಕನ್ನು ಕರಗಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಡಬ್ಲ್ಯುಡಿ-40 ಕೂಡ 1953ರಲ್ಲಿ ತಯಾರಾಗಿದ್ದು ಲೋಹದ ಮೇಲಿನ ನೀರನ್ನು ಸರಿಸಲು.

‘ನಿಂಬೆರಸ ತುಕ್ಕು ತೆಗೆಯುತ್ತದೆ.’ ನಿಜ. ಅದರ ಸಿಟ್ರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಆದರೆ ಬಿಚ್ಚಿಟ್ಟ ಬಿಡಿಭಾಗವನ್ನು ನೆನೆಸಿಟ್ಟರೆ ಮಾತ್ರ. ಬಿಗಿದ ಬೋಲ್ಟಿನ ಒಳಗೆ ಅದು ಹೋಗುವುದಿಲ್ಲ.

‘ಗ್ಯಾಸ್ ಹಚ್ಚಿ ಕಾಯಿಸಿದರೆ ಬಿಡುತ್ತದೆ.’ ಇದೂ ನಿಜ. 12 ಮಿ.ಮೀ. ಅಳತೆಯ ಉಕ್ಕಿನ ನಟ್ಟನ್ನು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಮಾಡಿದರೆ ಅದು ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು. ಆದರೆ ಬ್ರೇಕ್ ಪೈಪ್, ಡೀಸೆಲ್ ಟ್ಯಾಂಕ್, ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ, ಎಣ್ಣೆ ಸಿಂಪಡಿಸಿದ ಜಾಗದಲ್ಲಿ ಬೆಂಕಿ ತರುವುದು ಪ್ರಾಣಕ್ಕೇ ಅಪಾಯ. ಇದು ಅನುಭವಿ ಮೆಕ್ಯಾನಿಕ್ ಕೆಲಸ. ಯಾವುದಕ್ಕೂ ಬಗ್ಗದಿದ್ದರೆ ಬೋಲ್ಟನ್ನು ಕತ್ತರಿಸಿ, ಬುಷ್ ಸಮೇತ ಹೊಸದು ಹಾಕುವುದೇ ದಾರಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದಲ್ಲಿ ಲೇಥ್ ಕೆಲಸ ಹೊಸದಲ್ಲ. ಬುಷ್ ಒತ್ತಿಸಲು ಅಂಥ ಕಡೆ ಹೋಗಬಹುದು, ಆದರೆ ಬೋಲ್ಟನ್ನು ಮಾತ್ರ ಲೇಥ್‌ನಲ್ಲಿ ಮಾಡಿಸಬೇಡಿ. ಹಳೆಯದರ ತಲೆಯ ಮೇಲೆ 8.8 ಅಥವಾ 10.9 ಎಂದಿದ್ದರೆ ಅದು ಬೋಲ್ಟಿನ ಬಲದ ಗುರುತು. ಹೊಸದೂ ಅದೇ ದರ್ಜೆಯದಾಗಿರಬೇಕು.

ಬಹಳ ಜನ ಮರೆಯುವ ಮಾತೊಂದಿದೆ. ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಗಾಡಿಯ ಭಾರ ಚಕ್ರಗಳ ಮೇಲಿರಬೇಕು. ಚಕ್ರ ತೂಗಾಡುತ್ತಿರುವಾಗ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಜ್ಯಾಕ್ ಒಂದನ್ನೇ ಅಥವಾ ಇಟ್ಟಿಗೆಯನ್ನು ನಂಬಿ ಗಾಡಿಯ ಕೆಳಗೆ ಎಂದಿಗೂ ಹೋಗಬೇಡಿ.

ನಾವೇನು ಮಾಡಬಹುದು?

ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಉಷ್ಣತೆ 10 ಡಿಗ್ರಿ ಇಳಿದರೆ ಕಾರಿನ ಟೈರಿನಲ್ಲಿ ಒಂದೂವರೆ ಪಿಎಸ್‌ಐನಷ್ಟು ಒತ್ತಡ ಇಳಿಯುತ್ತದೆ. ನಾಲ್ಕೂ ಟೈರಿನ ಒಳ ಅಂಚಿಗೆ ಕೈ ಆಡಿಸಿ, ಏಕೆಂದರೆ ಕಣ್ಣಿಗೆ ಕಾಣದ ಸವೆತ ಇರುವುದು ಅಲ್ಲಿಯೇ. ಕಾನೂನಿನ ಪ್ರಕಾರ ಕಾರು, ಜೀಪುಗಳ ಟೈರಿನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಈ ಗೀರುಗಳಿರುವುದು ಅಂದಕ್ಕಲ್ಲ, ಚಕ್ರದಡಿಯ ನೀರನ್ನು ಹೊರಹಾಕಲು. ಅವು ಸವೆದರೆ ಒದ್ದೆ ರಸ್ತೆಯಲ್ಲಿ ಟೈರು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಹತ್ತು ಜನರನ್ನು ಕೂರಿಸಿಕೊಂಡು ಹೆದ್ದಾರಿಗೆ ಹತ್ತುವ ಮುನ್ನ ಐದು ನಿಮಿಷ ಟೈರು ನೋಡುವುದು ಅಷ್ಟು ಕಷ್ಟದ ಕೆಲಸವೇನಲ್ಲ.