ಸಿಡಿಯುವುದು ಬೇರೆ, ಸಿಡಿಸುವುದು ಬೇರೆ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಪುಟ್ಟ ರೈಲುದಾರಿಯಲ್ಲಿ, ಕೋರಮಂಡಲವನ್ನು ದಾಟಿದೊಡನೆ ಉರಿಗಾಂ ನಿಲ್ದಾಣ ಬರುತ್ತದೆ. ಹೊಸಬರ ಕಣ್ಣಿಗೆ ಮೊದಲು ಬೀಳುವುದು ಚಿನ್ನವಲ್ಲ, ಬೂದಿಬಣ್ಣದ ದಿಬ್ಬಗಳು. ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಹುಡಿ ಅದು. ಅದರ ಮಗ್ಗುಲಲ್ಲೇ ಕಾರ್ಮಿಕರ ಸಾಲುಮನೆಗಳು. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಈ ಮನೆಗಳಲ್ಲಿ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ನೆಲ ಅದುರುತ್ತಿತ್ತು. ಗೂಡಿನಲ್ಲಿಟ್ಟ ಪಾತ್ರೆಗಳು ಜಣಜಣ ಎನ್ನುತ್ತಿದ್ದುವು. ಒಲೆಯ ಮುಂದಿದ್ದವಳ ಕೈ ನಿಲ್ಲುತ್ತಿತ್ತು. ತನ್ನ ಮನೆಯವರು ಆಗ ಯಾವ ಪಾಳಿಯಲ್ಲಿದ್ದಾರೆ, ಎಷ್ಟು ಆಳದಲ್ಲಿದ್ದಾರೆ ಎಂಬ ಲೆಕ್ಕ ಅವಳ ಮನಸ್ಸಿನಲ್ಲಿ ಓಡುತ್ತಿತ್ತು.

"ಏನತ್ತೆ ಅದು, ಭೂಕಂಪವೆ?" ಎಂದು ಹೊಸದಾಗಿ ಬಂದ ಸೊಸೆ ಕೇಳಿದಳೆನ್ನಿ. ಅತ್ತೆ ಏನು ಹೇಳಬೇಕು? "ಸ್ಫೋಟ" ಎನ್ನಬೇಕೆ? "ಕುಸಿತ" ಎನ್ನಬೇಕೆ? ಅಥವಾ "ಒಳಗೆ ಬಂಡೆ ಸಿಡಿಯಿತು ಕಣಮ್ಮ" ಎನ್ನಬೇಕೆ? ಮೂರೂ ಕನ್ನಡ ಮಾತುಗಳೇ. ಆದರೆ ಮೂರರ ಅರ್ಥವೂ ಒಂದಲ್ಲ. ಮೂರು ಮಾತುಗಳು ಬೊಟ್ಟುಮಾಡಿ ತೋರಿಸುವ ಅಪರಾಧಿಗಳೂ ಬೇರೆ ಬೇರೆ. ಆದುದರಿಂದ ಇದು ಬರಿಯ ಪದಗಳ ಚರ್ಚೆಯಲ್ಲ.

ಈ ಘಟನೆಗೆ ಇಂಗ್ಲಿಷಿನವರು ಇಟ್ಟ ಹೆಸರು 'ರಾಕ್ ಬರ್ಸ್ಟ್'. ಹಠಾತ್ತಾಗಿ ಮೇಲೇಳುವ, ಹೆಚ್ಚುವ, ಹೊರನುಗ್ಗುವ ಸಂಗತಿಗಳನ್ನು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪದಸಂಸಾರವೇ ಇದೆ. 'ಬರ್ಸ್ಟ್' ಅದರಲ್ಲಿ ಒಂದು. ಅದರ ಒಡಹುಟ್ಟುಗಳನ್ನು ಸ್ವಲ್ಪ ಪರಿಚಯಮಾಡಿಕೊಂಡರೆ ಉರಿಗಾಂನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

'ಸರ್ಜ್' ಎಂಬುದು ನೀರಿನ ಮಾತು. ಏಳುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, ಅಲೆಯ ಏರಿಗೆ ಹೆಸರಾಯಿತು. ಆದುದರಿಂದ ಜನಸಮೂಹ 'ಸರ್ಜ್' ಆಯಿತೆಂದರೆ ಅಲೆಯಂತೆ ಒತ್ತಿಬಂದಿತೆಂದೇ ಅರ್ಥ. 'ಸೋರ್' ಎಂಬುದು ಗಾಳಿಯ ಮಾತು. ಅದರ ಬೇರಿನಲ್ಲಿ ಗಾಳಿ ಎಂಬರ್ಥದ ಲ್ಯಾಟಿನ್ ಶಬ್ದವೇ ಅಡಗಿದೆ. ಗರುಡ ರೆಕ್ಕೆ ಬಡಿಯದೆ ಮೇಲಕ್ಕೇರುವಂತೆ ಬೆಲೆ ಏರಿದರೆ ಅದು 'ಸೋರ್'. 'ಸ್ಪರ್ಟ್' ಎಂದರೆ ಕಿರಿದಾದ ಬಾಯಿಯಿಂದ ಚಿಮ್ಮುವುದು. ಅದು ಹೆಚ್ಚು ಹೊತ್ತು ನಿಲ್ಲುವುದಲ್ಲ. 'ರಷ್' ಎಂದರೆ ನೂಕುನುಗ್ಗಲು. 'ಬೂಮ್' ಎಂಬುದು ಮೂಲತಃ ಬರಿಯ ಸದ್ದು. ವ್ಯಾಪಾರದ ಅಬ್ಬರಕ್ಕೆ ಅಮೆರಿಕದಲ್ಲಿ ಆ ಹೆಸರು ಬಂದುದು ೧೮೭೦ರ ದಶಕದಲ್ಲಿ. 'ಸ್ಪೈಕ್' ಎಂದರೆ ಮೊಳೆ. ಕಾಗದದ ಮೇಲೆ ಯಂತ್ರ ಎಳೆದ ಗೆರೆ ಒಮ್ಮೆಲೇ ಮೊಳೆಯಂತೆ ಎದ್ದು ಇಳಿದರೆ ಆ ಹೆಸರು. ಇನ್ನು 'ಬರ್ಸ್ಟ್' ಎಂದರೆ ಒಡೆಯುವುದು. ಒಳಗಿನ ಒತ್ತಡವನ್ನು ತಾಳಲಾರದೆ ತಾನೇ ಒಡೆಯುವುದು.

ಈ ಪದಗಳೆಲ್ಲ 'ತಟ್ಟನೆ ಹೆಚ್ಚಿತು' ಎಂಬ ಒಂದೇ ಸಂಗತಿಯನ್ನು ಹೇಳುವಂತೆ ಕಂಡರೂ, ಪ್ರತಿಯೊಂದೂ ಜೊತೆಗೆ ಇನ್ನೊಂದನ್ನು ಹೇಳುತ್ತದೆ: ಆ ಹೆಚ್ಚಳಕ್ಕೆ ಬಲ ಎಲ್ಲಿಂದ ಬಂದಿತು ಎಂಬುದನ್ನು. ಹಿಂದಿನಿಂದ ಒತ್ತಿದ ಅಲೆಯೋ, ಕೆಳಗಿನಿಂದ ಎತ್ತಿದ ಗಾಳಿಯೋ, ಸುತ್ತಲಿಂದ ನೂಕಿದ ಜನವೋ, ಒಳಗೆ ಕೂಡಿದ್ದ ಬಿಗಿಯೋ?

ನಮ್ಮ ಪತ್ರಿಕೆಗಳಲ್ಲಿ ಇವೆಲ್ಲಕ್ಕೂ ಬಹುಮಟ್ಟಿಗೆ ಎರಡೇ ಅಚ್ಚುಗಳು: 'ದಿಢೀರ್ ಏರಿಕೆ' ಮತ್ತು 'ಸ್ಫೋಟ'. ಚಿನ್ನದ ದರಕ್ಕೂ ದಿಢೀರ್ ಏರಿಕೆ, ಜ್ವರಕ್ಕೂ ದಿಢೀರ್ ಏರಿಕೆ, ಕೆರೆಯ ನೀರಿಗೂ ಅದೇ. ಜನಸಂಖ್ಯೆಯೂ ಸ್ಫೋಟ, ಕೋಪವೂ ಸ್ಫೋಟ, ಬಾಂಬೂ ಸ್ಫೋಟ. ಕನ್ನಡದಲ್ಲಿ ಬೇರೆ ಮಾತಿಲ್ಲವೆ? ಇದೆ, ಅದೂ ಅಡುಗೆಮನೆಯಿಂದ ಹೊಲದವರೆಗೆ ಹರಡಿ ಬಿದ್ದಿದೆ. ಹಾಲು ಉಕ್ಕುತ್ತದೆ, ಬುಗ್ಗೆ ಚಿಮ್ಮುತ್ತದೆ, ಬೆಂಕಿ ಭುಗಿಲೇಳುತ್ತದೆ, ಜನ ನುಗ್ಗುತ್ತಾರೆ, ಚೆಂಡು ಪುಟಿಯುತ್ತದೆ, ರೋಗ ಉಲ್ಬಣಿಸುತ್ತದೆ, ದುಃಖ ಉಮ್ಮಳಿಸುತ್ತದೆ, ಒಗ್ಗರಣೆಯ ಸಾಸಿವೆ ಸಿಡಿಯುತ್ತದೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟು ನೋಡಿದರೆ ಕಿವಿಗೇ ಒಪ್ಪುವುದಿಲ್ಲ. ಹೊಸಮನೆಯ ಒಲೆಯ ಮೇಲೆ ಹಾಲುಕ್ಕಿಸುವುದು ನಮಗೆ ಮಂಗಳಕಾರ್ಯ. ಆದುದರಿಂದಲೇ ಸಂತೋಷವೂ ವಾತ್ಸಲ್ಯವೂ ಉಕ್ಕುತ್ತವೆಯೇ ಹೊರತು ಸಾವಿನ ಸಂಖ್ಯೆ ಉಕ್ಕುವುದಿಲ್ಲ.

ಇದಲ್ಲದೆ ಕನ್ನಡಕ್ಕೆ ಇನ್ನೊಂದು ಅನುಕೂಲವುಂಟು. ಇಂಗ್ಲಿಷು ಕ್ರಿಯಾಪದದೊಳಗೆ ತುಂಬುವ ರೀತಿಯನ್ನು ಕನ್ನಡ ಅನೇಕ ವೇಳೆ ಅನುಕರಣಾವ್ಯಯದಲ್ಲಿ ಇಡುತ್ತದೆ. ಬೆಂಕಿ ಭುಗ್ಗನೆ ಹೊತ್ತಿತು, ಹುಡುಗ ಧಿಗ್ಗನೆ ಎದ್ದ, ನೀರು ಛಿಲ್ಲನೆ ಚಿಮ್ಮಿತು, ಹಕ್ಕಿ ಭರ್ರನೆ ಹಾರಿತು ಎನ್ನುವಾಗ ವೇಗ, ಸದ್ದು, ಬಲ ಮೂರೂ ಆ ಒಂದು ಪುಟ್ಟ ಮಾತಿನಲ್ಲಿ ಕೇಳಿಸುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಇಷ್ಟೆಲ್ಲ ಇರುವಾಗ 'ದಿಢೀರ್' ಒಂದನ್ನೇ ದುಡಿಸುವುದು ನ್ಯಾಯವಲ್ಲ.

ಇನ್ನು ಉರಿಗಾಂಗೆ ಬರೋಣ. ಚಿನ್ನದ ಗಣಿಗಳ ಚರಿತ್ರೆಯನ್ನು ಈ ಮಾತುಗಳಲ್ಲೇ ಹೇಳಿಬಿಡಬಹುದು. ಮೊದಲು ಬಂದುದು 'ಬೂಮ್'. ೧೮೮೦ರ ಆಸುಪಾಸಿನಲ್ಲಿ ದಕ್ಷಿಣ ಭಾರತದ ಚಿನ್ನದ ಹೆಸರು ಕೇಳಿದೊಡನೆ ಲಂಡನ್ನಿನ ಷೇರು ಪೇಟೆಯಲ್ಲಿ ಅಬ್ಬರವೆದ್ದಿತು. ವಯನಾಡಿನ ಕಾಡಿನಲ್ಲಿ ಚಿನ್ನ ತೆಗೆಯುತ್ತೇವೆಂದು ಹತ್ತಾರು ಕಂಪೆನಿಗಳು ತಲೆಯೆತ್ತಿದುವು. ಎರಡು ಮೂರು ವರ್ಷಗಳಲ್ಲಿ ಬಹುಪಾಲು ಮಣ್ಣುಗೂಡಿದುವು. ಸದ್ದಾಗಿ ಹುಟ್ಟಿದ್ದು ಸದ್ದಾಗಿಯೇ ಅಡಗಿತು. ಕೋಲಾರದ ಕಡೆ ೧೮೮೦ರಲ್ಲಿ ಮೊದಲಾದ ಮೈಸೂರು ಕಂಪೆನಿಯೂ ಮುಚ್ಚುವ ಅಂಚಿಗೆ ಬಂದಿದ್ದಿತು. ಆದರೆ ಆ ದಶಕದ ನಡುವೆ ಚಾಂಪಿಯನ್ ಎಂಬ ಅದಿರಿನ ಪಟ್ಟಿ ಸಿಕ್ಕಿದೊಡನೆ ಅದರ ಷೇರಿನ ಬೆಲೆ ಪುಟಿದೆದ್ದಿತು. ಆಮೇಲೆ 'ರಷ್'. ತಮಿಳರು, ತೆಲುಗರು, ಕನ್ನಡಿಗರು, ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು ಎಲ್ಲರೂ ಇಲ್ಲಿಗೆ ಬಂದು ನೆಲೆಸಿದರು. ೧೮೯೪ರಲ್ಲಿ ರೈಲು ಬಂದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು.

ಇವೆಲ್ಲ ನೆಲದ ಮೇಲಿನ ಏರಿಕೆಗಳು. ಏರಿಕೆ ಮೇಲೆ ನಡೆದಷ್ಟೂ ಕೆಳಗೆ ಇಳಿತ ನಡೆಯಬೇಕಾಗಿದ್ದಿತು. ಇಳಿದಿಳಿದು ಚಾಂಪಿಯನ್ ರೀಫ್ ಗಣಿಯ ತಳ ಕೊನೆಗೆ ಹತ್ತು ಸಾವಿರ ಅಡಿಗಳನ್ನು ಮೀರಿತು. ಆದರೆ ನೆಲ ತನ್ನ ಮಾತನ್ನು ಆಡುವುದಕ್ಕೆ ಅಷ್ಟು ಆಳದವರೆಗೆ ಕಾಯಲಿಲ್ಲ. ಈ ಗಣಿಗಳಲ್ಲಿ ದಾಖಲಾದ ಮೊದಲ ಬಂಡೆಸಿಡಿತ ೧೮೯೮ರದು. ನಡೆದುದು ಉರಿಗಾಂ ಗಣಿಯಲ್ಲಿ, ಸುಮಾರು ಒಂದು ಸಾವಿರ ಅಡಿ ಆಳದಲ್ಲಿ. ಜಗತ್ತಿನ ಗಣಿಗಳ ಚರಿತ್ರೆಯಲ್ಲಿಯೇ ಇದು ಬಹು ಮೊದಲಿನ ದಾಖಲೆಗಳಲ್ಲಿ ಒಂದು.

ಆಗ ಅದಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಮೈಸೂರು ಸಂಸ್ಥಾನದ ಭೂಶಾಸ್ತ್ರ ಇಲಾಖೆಯ ಸ್ಮೀತ್ ಎಂಬವರು ೧೯೦೪ರಲ್ಲಿ ಈ ವಿಷಯವಾಗಿ ಒಂದು ವರದಿಯನ್ನು ಬರೆದರು. ಅದರ ಹೆಸರಿನಲ್ಲಿರುವುದು 'ಏರ್ ಬ್ಲಾಸ್ಟ್', ಎಂದರೆ ಗಾಳಿಯ ಹೊಡೆತ. ಸುರಂಗದಲ್ಲಿದ್ದವನಿಗೆ ಹಾಗೆ ತೋರುವುದು ಸಹಜವೇ. ಬಂಡೆ ಒಂದೆಡೆ ಒಡೆದು ಜಾಗ ಬಿಟ್ಟಾಗ ಇಕ್ಕಟ್ಟಿನ ದಾರಿಯಲ್ಲಿದ್ದ ಗಾಳಿ ಒಮ್ಮೆಲೇ ನುಗ್ಗುತ್ತದೆ. ಮೈಗೆ ತಗಲುವುದು ಗಾಳಿ, ಕಿವಿಗೆ ಬಡಿಯುವುದು ಗಾಳಿ. ಆದರೆ ಗಾಳಿ ಅಲ್ಲಿ ಕಾರ್ಯವೇ ಹೊರತು ಕಾರಣವಲ್ಲ. ಕಾರಣ ಕಲ್ಲಿನೊಳಗೆ ಇದ್ದಿತು. ಹೆಸರು ಗಾಳಿಯನ್ನು ಬಿಟ್ಟು ಬಂಡೆಯನ್ನು ಹಿಡಿದಾಗ ಮಾತು ಕಾರಣದ ಕಡೆಗೆ ತಿರುಗಿತು.

ಆ ಕಾರಣವನ್ನು ಹೀಗೆ ತಿಳಿಯಬಹುದು. ಭೂಮಿಯ ಆಳದಲ್ಲಿರುವ ಬಂಡೆ ಮೇಲಿನ ಭಾರವನ್ನೆಲ್ಲ ಹೊತ್ತು ಬಿಗಿದುಕೊಂಡಿರುತ್ತದೆ. ನಡುವಿನ ಅದಿರನ್ನು ಕೊರೆದು ತೆಗೆದಾಗ, ಆ ಭಾಗ ಹೊತ್ತಿದ್ದ ಭಾರ ಪಕ್ಕದ ಕಲ್ಲಿಗೆ ವರ್ಗವಾಗುತ್ತದೆ. ಇನ್ನಷ್ಟು ತೆಗೆದರೆ ಉಳಿದ ಕಂಬದಂತಹ ಭಾಗದ ಮೇಲೆ ಇನ್ನಷ್ಟು ಹೊರೆ. ಮೆದುವಾದ ಕಲ್ಲಾದರೆ ಮೆಲ್ಲನೆ ಬಾಗಿ ಸೀಳುತ್ತದೆ. ಕೋಲಾರದ ಗಡಸು ಬಂಡೆಗೆ ಬಾಗುವುದು ಗೊತ್ತಿಲ್ಲ. ಎಳೆದ ಬಿಲ್ಲಿನಂತೆ ಬಿಗಿಯನ್ನು ಕೂಡಿಟ್ಟುಕೊಂಡು, ಒಂದು ಗಳಿಗೆಯಲ್ಲಿ ಚೂರುಚೂರಾಗಿ ಸಿಡಿಯುತ್ತದೆ. ಹೀಗೆ ಸಿಡಿದಾಗ ನೆಲದ ಮೇಲಿನ ಮನೆಗಳೂ ಅದುರಿದುವು. ಕೆಳಗಿದ್ದವರಲ್ಲಿ ಅನೇಕರು ಮೇಲೆ ಬರಲೇ ಇಲ್ಲ.

ಈಗ ಆ ಮೂರು ಮಾತುಗಳನ್ನು ಮತ್ತೆ ನೋಡೋಣ. 'ಗಣಿಯಲ್ಲಿ ಸ್ಫೋಟ' ಎಂದು ಬರೆದರೆ ಓದಿದವರ ಕಣ್ಣೆದುರಿಗೆ ನಿಲ್ಲುವುದು ಮದ್ದು. ಯಾರೋ ಕಾರ್ಮಿಕ ಬತ್ತಿಗೆ ಕಿಡಿ ತಗಲಿಸುವಾಗ ಎಚ್ಚರ ತಪ್ಪಿದನೆಂದು ಅವರು ತಿಳಿಯುತ್ತಾರೆ. ಸತ್ತವನ ಮೇಲೆಯೇ ಅಪವಾದ ಬೀಳುತ್ತದೆ. 'ಕುಸಿತ' ಎಂದರೆ ಆಸರೆ ಕಟ್ಟಿದವನ ಕೆಲಸದ ಮೇಲೆ ಸಂದೇಹ. 'ಬಂಡೆ ಸಿಡಿಯಿತು' ಎಂದಾಗ ಮಾತ್ರ ಪ್ರಶ್ನೆ ಸರಿಯಾದ ಕಡೆಗೆ ತಿರುಗುತ್ತದೆ: ಬಂಡೆಯಲ್ಲಿ ಅಷ್ಟು ಬಿಗಿ ಹೇಗೆ ಕೂಡಿತು? ಯಾವ ಕ್ರಮದಲ್ಲಿ ಅಗೆದರು? ಎಲ್ಲಿ ಕಂಬ ಉಳಿಸಿದರು? ತೆರವಾದ ಜಾಗವನ್ನು ಯಾವುದರಿಂದ ತುಂಬಿದರು? ಈ ಗಣಿಗಳಲ್ಲಿ ಮರದ ಆಸರೆಯಿಂದ ಕಲ್ಲುಕಟ್ಟಡದ ಆಸರೆಗೆ, ಅಲ್ಲಿಂದ ಕಾಂಕ್ರೀಟಿಗೆ ಸಾಗಿದುದರ ಹಿಂದೆ ಇಂತಹ ಪ್ರಶ್ನೆಗಳೇ ಇದ್ದುವು.

ಇಲ್ಲಿ ಕನ್ನಡ ವ್ಯಾಕರಣದ ಒಂದು ಪುಟ್ಟ ಪ್ರತ್ಯಯ ಎಷ್ಟು ದೊಡ್ಡ ಕೆಲಸ ಮಾಡುತ್ತದೆಂಬುದನ್ನು ಗಮನಿಸಬೇಕು. ಮದ್ದಿಟ್ಟು ಒಡೆಯುವುದಕ್ಕೆ ಇಂಗ್ಲಿಷು 'ಬ್ಲಾಸ್ಟ್' ಎನ್ನುತ್ತದೆ. ತಾನೇ ಒಡೆಯುವುದಕ್ಕೆ 'ಬರ್ಸ್ಟ್' ಎನ್ನುತ್ತದೆ. ಎರಡಕ್ಕೆ ಎರಡು ಪದ. ಕನ್ನಡಕ್ಕೆ 'ಸಿಡಿ' ಎಂಬ ಒಂದೇ ಧಾತು ಸಾಕು. ಪ್ರೇರಣಾರ್ಥದ 'ಇಸು' ಸೇರಿದರೆ ಮನುಷ್ಯ ಬಂಡೆಯನ್ನು ಸಿಡಿಸುತ್ತಾನೆ. ಸೇರದಿದ್ದರೆ ಬಂಡೆ ತಾನೇ ಸಿಡಿಯುತ್ತದೆ. ಸಂಸ್ಕೃತದ 'ಸ್ಫೋಟ' ಎಂಬ ನಾಮಪದ ಈ ಭೇದವನ್ನು ನುಂಗಿಬಿಡುತ್ತದೆ. ಮಾಡಿದ್ದೋ ಆದದ್ದೋ ಎಂಬುದು ಅದರಲ್ಲಿ ತಿಳಿಯುವುದೇ ಇಲ್ಲ. ತನಿಖೆಯ ಕಾಗದದಲ್ಲಿ, ಪರಿಹಾರದ ಅರ್ಜಿಯಲ್ಲಿ, ಮರುದಿನದ ಪತ್ರಿಕೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಮನಸ್ಸಿನ ವಿಚಾರವೂ ಇದೇ. ಇಂಗ್ಲಿಷಿನವರು ಮನುಷ್ಯನ ಕೋಪಕ್ಕೂ 'ಔಟ್‌ಬರ್ಸ್ಟ್' ಎನ್ನುತ್ತಾರೆ. ನಾವೂ 'ಸಿಡಿದುಬಿದ್ದ' ಎನ್ನುತ್ತೇವೆ. ಆದರೆ 'ಕೋಪ ಭುಗಿಲೆದ್ದಿತು' ಎಂಬುದು ಬೇರೆ, 'ಸಿಡಿದುಬಿದ್ದ' ಎಂಬುದು ಬೇರೆ. ಭುಗಿಲೇಳುವುದಕ್ಕೆ ಹೊರಗಿನ ಕಿಡಿ ಬೇಕು. ಸಿಡಿಯುವುದಕ್ಕೆ ಒಳಗಿನ ಬಿಗಿ ಸಾಕು. ಹತ್ತು ವರ್ಷ ಮಾತಾಡದೆ ದುಡಿದ ಸೊಸೆ ಒಂದು ಸಂಜೆ ಉಪ್ಪಿನ ವಿಷಯಕ್ಕೆ ಸಿಡಿದುಬಿದ್ದರೆ, ಮನೆಯವರು ಉಪ್ಪಿನ ಡಬ್ಬಿಯನ್ನು ನೋಡುತ್ತಾರೆ. ನೋಡಬೇಕಾದುದು ಹತ್ತು ವರ್ಷಗಳನ್ನು. ಬಂಡೆಯ ಮೇಲೆ ಹೊರೆ ಕೂಡಿದಂತೆಯೇ ಅವಳ ಮೇಲೂ ಕೂಡಿರುತ್ತದೆ. 'ಸಿಡಿ' ಎಂಬ ಮಾತನ್ನು ಆಡಿದವರು ತಮಗೆ ಅರಿವಿಲ್ಲದೆಯೇ ಆ ಹೊರೆಯನ್ನು ಒಪ್ಪಿಕೊಂಡಂತಾಯಿತು.

ಕೊನೆಗೆ ಬೆಲೆಯ ಮಾತು. ಬಹುಕಾಲ ಔನ್ಸಿಗೆ ೩೫ ಡಾಲರಿಗೆ ಕಟ್ಟುಬಿದ್ದಿದ್ದ ಚಿನ್ನ ೧೯೭೧ರಲ್ಲಿ ಆ ಕಟ್ಟು ಕಳಚಿದ ಮೇಲೆ ಏರುತ್ತ ಹೋಗಿ, ೧೯೮೦ರ ಜನವರಿಯಲ್ಲಿ ೮೫೦ ಡಾಲರನ್ನು ಮುಟ್ಟಿತು. ಅದು ನಿಜವಾದ 'ಸೋರ್'. ಅದರ ರೆಕ್ಕೆಯ ಕೆಳಗೆ ಜಗತ್ತಿನ ಅಂಜಿಕೆಯ ಗಾಳಿ ಇದ್ದಿತು. ಗಾಳಿ ಇಳಿದಾಗ ಬೆಲೆಯೂ ಇಳಿಯಿತು. ೨೦೦೧ರಲ್ಲಿ ಅದು ಮುನ್ನೂರು ಡಾಲರಿಗಿಂತ ಕೆಳಗಿದ್ದಾಗ, ಫೆಬ್ರವರಿ ೨೮ರಂದು, ಕೋಲಾರದ ಗಣಿಗಳು ಮುಚ್ಚಿದುವು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಬೆಲೆ ಎರಡು ಸಾವಿರವನ್ನು ದಾಟಿತು. ಹಾರುವ ಹಕ್ಕಿಗೆ ತಾನು ಬಿಟ್ಟುಬಂದ ಕೊಂಬೆಯ ನೆನಪಿರುವುದಿಲ್ಲ.

ಬರೆಯುವವರೂ ಅನುವಾದಿಸುವವರೂ 'ದಿಢೀರ್' ಎಂಬ ಮಾತಿಗೆ ಕೈ ಹಾಕುವ ಮೊದಲು, ಬಲ ಎಲ್ಲಿಂದ ಬಂದಿತೆಂದು ಒಮ್ಮೆ ಕೇಳಿಕೊಂಡರೆ ಸರಿಯಾದ ಕ್ರಿಯಾಪದ ತಾನಾಗಿ ಮುಂದೆ ಬರುತ್ತದೆ. ಉರಿಗಾಂನಲ್ಲಿ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಪಂಪುಗಳು ನಿಂತ ಮೇಲೆ ಹಳೆಯ ಸುರಂಗಗಳಲ್ಲಿ ನೀರು ಮೆಲ್ಲಮೆಲ್ಲನೆ ಏರಿತು. ಆ ಏರಿಕೆಗೆ ಯಾವ ಸದ್ದೂ ಇಲ್ಲ, ಅದನ್ನು ಹೇಳುವುದಕ್ಕೆ ಯಾವ ಅಬ್ಬರದ ಪದವೂ ಬೇಡ. ಆದರೆ ನೀರಿನ ಒತ್ತಡಕ್ಕೆ ಹಳೆಯ ಬಂಡೆಗಳು ಜರುಗಿ, ಗಣಿ ಮುಚ್ಚಿದ ಮೇಲೆಯೂ ಅಲ್ಲಿ ನೆಲ ಅದುರಿದುದುಂಟು. ಗೂಡಿನ ಪಾತ್ರೆಗಳು ಜಣಜಣ ಎಂದಾಗ ಹಿಂದಿನ ಗೃಹಿಣಿಯ ಕೈ ಒಲೆಯ ಮುಂದೆ ಈಗಲೂ ಒಂದು ಗಳಿಗೆ ನಿಂತೀತು. ಲೆಕ್ಕ ಹಾಕುವುದಕ್ಕೆ ಪಾಳಿ ಮಾತ್ರ ಇಲ್ಲ.