ಎದೆ ಹೊಲಿದ ಮೇಲಿನ ಮೂರು ತಿಂಗಳು



ಕಾಂಕ್ರೀಟ್ ಹಾಕಿದ ದಿನವೇ ಕೆಲಸ ಮುಗಿಯಿತೆಂದು ಹೊರಟು ನಿಲ್ಲುವ ಗುತ್ತಿಗೆದಾರರನ್ನು ನೀರಾವರಿ ಇಲಾಖೆಯಲ್ಲಿ ಬಹಳ ಕಂಡಿದ್ದೇನೆ. ಆಮೇಲೆ ದಿನವೂ ನೀರುಣಿಸಿ ಕ್ಯೂರಿಂಗ್ ಮಾಡದಿದ್ದರೆ ಎಷ್ಟು ಸಿಮೆಂಟ್ ಸುರಿದಿದ್ದರೂ ಅದು ಬಿರುಕು ಬಿಡುತ್ತದೆ. ಹೃದಯದ ಚಿಕಿತ್ಸೆಗೂ ಈ ಮಾತು ಸಲ್ಲುತ್ತದೆ ಎಂದು ನನಗೆ ತಿಳಿದದ್ದು 2020ರಲ್ಲಿ, ನನ್ನ ಮೈಮೇಲೆಯೇ ಬಂದಾಗ.

ಆ ಜನವರಿ ಕೊನೆಗೆ ನನಗೆ ಬೈಪಾಸ್ ಆಯಿತು. ಮಾರ್ಚ್ ಮೊದಲ ವಾರದಿಂದ ಮೂರು ತಿಂಗಳು, ವಾರಕ್ಕೆರಡು ದಿನ ಹೃದಯ ಪುನಶ್ಚೇತನಕ್ಕೆ ಬರಲು ಹೇಳಿದರು. ಪುನಶ್ಚೇತನವೆಂದರೆ ಬರೀ ವ್ಯಾಯಾಮವಲ್ಲ. ಎಷ್ಟು ನಡೆಯಬೇಕು, ಮಾತ್ರೆ ಏಕೆ ಬಿಡಬಾರದು, ಉಪ್ಪು ಎಲ್ಲಿ ಅಡಗಿದೆ, ತಂಬಾಕು ಬಿಡುವುದು ಹೇಗೆ, ಮನಸ್ಸಿನ ಭಯ ಕಳೆಯುವುದು ಹೇಗೆ, ಇಷ್ಟೂ ಅದರಲ್ಲಿ ಸೇರಿದೆ. ನಾನು ನಾಲ್ಕು ಸಲ ಹೋಗಿದ್ದೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಬಸ್ಸು ನಿಂತವು, ಆ ವಿಭಾಗದ ಬಾಗಿಲೂ ಮುಚ್ಚಿತು.

ಹತ್ತು ದಿನ ನಾನು ಪಡಸಾಲೆ ದಾಟಲಿಲ್ಲ. ಕೆಮ್ಮಿದರೆ ಎದೆಮೂಳೆ ಬಿಟ್ಟೀತೆಂಬ ಭಯ. ಹನ್ನೊಂದನೆಯ ದಿನ ಫಿಸಿಯೋಥೆರಪಿ ಮೇಡಂ ವಿಡಿಯೊ ಕರೆ ಮಾಡಿದರು. "ಸರ್, ಮೊದಲು ನಾಡಿ ಎಣಿಸೋದು ಕಲೀರಿ" ಎಂದರು. ಅಂಗಳದಲ್ಲಿ ಹತ್ತು ನಿಮಿಷದ ನಡಿಗೆ ಹಚ್ಚಿಕೊಟ್ಟರು. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ ಎಂದರು. ಎದೆ ಬಿಗಿದರೆ, ತಲೆ ತಿರುಗಿದರೆ, ತಣ್ಣನೆಯ ಬೆವರು ಬಂದರೆ ತಕ್ಷಣ ನಿಲ್ಲಿಸಬೇಕು. ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮನೆಯಾಕೆಯನ್ನೂ ಫೋನಿಗೆ ಕರೆದು ಉಪ್ಪಿನಕಾಯಿ, ಹಪ್ಪಳದ ಮಾತಾಡಿದರು. ಮೂರು ತಿಂಗಳಿಗೆ ನಾನು ದಿನಾ ನಲವತ್ತು ನಿಮಿಷ ನಡೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ ರೈತರಿಗೆ ಆ ಕರೆ ಬರಲಿಲ್ಲ. ಅವರದು ಕೀಪ್ಯಾಡ್ ಫೋನು. ವಿಡಿಯೊ ಬರುವ ಫೋನ್ ಇದ್ದವರ ಹೆಸರು ಮಾತ್ರ ಪಟ್ಟಿಯಲ್ಲಿತ್ತಂತೆ. ಬಸ್ಸು ಶುರುವಾದ ಮೇಲೆ ಅವರ ಊರಿಗೆ ಹೋಗಿದ್ದೆ. ಹೊರಸಿನ ಮೇಲೆ ಮಲಗಿದ್ದರು. ನೋವಿಲ್ಲವಲ್ಲ ಎಂದು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿಯೇ ಬಿಟ್ಟಿದ್ದರು. ಎತ್ತು ಮಾರಿದ್ದರು. ಕಾಯಕವೇ ಜೀವವಾಗಿದ್ದ ಮನುಷ್ಯ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾಹೇಬ್ರ, ನಾ ಅಡ್ಡಾಡಬಹುದೇನ್ರಿ?"

ಅವರ ಹೃದಯ ನನ್ನದಕ್ಕಿಂತ ದುರ್ಬಲವಾಗಿದ್ದಿರಬಹುದು. ಒಂದು ಕರೆಯಿಂದ ಎಲ್ಲವೂ ಸರಿಹೋಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ವಿಡಿಯೊ ಬೇಕಿರಲಿಲ್ಲ, ಮಾತು ಸಾಕಾಗಿತ್ತು.

ಫೋನಿನ ಪುನಶ್ಚೇತನ ಎರಡನೆಯ ದರ್ಜೆಯದು ಎನ್ನುವವರಿದ್ದಾರೆ. ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 23 ಪ್ರಯೋಗಗಳ 2,890 ರೋಗಿಗಳನ್ನು ಪರಿಶೀಲಿಸಿತು. ಆಸ್ಪತ್ರೆಗೆ ಬಂದು ಮಾಡಿದವರಿಗೂ ಮನೆಯಲ್ಲೇ ಮಾಡಿದವರಿಗೂ ಫಲ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂತು. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಹೃದಯದ ಪಂಪಿನ ಶಕ್ತಿ ತೀರ ಕುಗ್ಗಿದವರು, ಬಡಿತದ ಲಯ ತಪ್ಪುವವರು ವೈದ್ಯರ ಕಣ್ಣೆದುರೇ ಶುರುಮಾಡಬೇಕು. ಉಳಿದವರನ್ನೂ ಮೊದಲು ಒಮ್ಮೆ ಪರೀಕ್ಷಿಸಿ, ಆರು ನಿಮಿಷ ನಡೆಸಿ ನೋಡಿಯೇ ಮನೆಗೆ ಕಳಿಸಬೇಕು.

ನನ್ನ ಆಕ್ಷೇಪ ಇಷ್ಟೇ: ಕೊರೊನಾ ಮುಗಿಯಿತೆಂದು ಈ ಕರೆಗಳೂ ನಿಂತವು. ವಾರಕ್ಕೆರಡು ಸಲ ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ನಗರಕ್ಕೆ ಹೋಗಲಾಗದ ಹಳ್ಳಿಯವರ ಪಾಲಿಗೆ ಲಾಕ್‌ಡೌನ್ ಎಂದೂ ತೆರೆದೇ ಇಲ್ಲ.

ಇದಕ್ಕೆ ಹೊಸ ಕಟ್ಟಡ ಬೇಡ. ದೂರದಿಂದ ವೈದ್ಯಕೀಯ ಸಲಹೆ ಕೊಡುವುದಕ್ಕೆ ಕೇಂದ್ರದ ಮಾರ್ಗಸೂಚಿ 2020ರ ಮಾರ್ಚ್ 25ರಂದೇ ಬಂದಿದೆ. ಅದರಲ್ಲಿ ಸಾದಾ ಫೋನ್ ಕರೆಗೂ ಜಾಗವಿದೆ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಮೊದಲ ಗಂಟೆಯಲ್ಲಿ ಜೀವ ಉಳಿಸುವ ಆ ತಂತಿಯೇ ಮುಂದಿನ ಹನ್ನೆರಡು ವಾರವೂ ರೋಗಿಯ ಮನೆ ಮುಟ್ಟಲಿ. ತರಬೇತಾದ ಒಬ್ಬ ನರ್ಸ್, ಒಂದು ಫೋನ್, ದೊಡ್ಡ ಅಕ್ಷರದ ಕನ್ನಡ ಕೈಪಿಡಿ, ಮನೆಗೆ ಎರವಲಾಗಿ ಒಂದು ಬಿಪಿ ಯಂತ್ರ: ನನ್ನ ಅಂದಾಜುಪಟ್ಟಿ ಇಷ್ಟೇ. ಓದಲು ಬಾರದವರಿಗೆ ವಾರದ ಕರೆಯಲ್ಲೇ ಎಲ್ಲವನ್ನೂ ಹೇಳಬಹುದು.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ, ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಸುಮ್ಮನೆ ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ: ನಾಳೆಯಿಂದ ಎಷ್ಟು ನಡೆಯಬೇಕು? ಯಾವಾಗ ನಿಲ್ಲಿಸಬೇಕು? ಸಂದೇಹ ಬಂದರೆ ಯಾರಿಗೆ ಫೋನ್ ಮಾಡಬೇಕು? ಉತ್ತರವನ್ನು ಆ ಚೀಟಿಯ ಮೇಲೆಯೇ ಬರೆಸಿಕೊಂಡು ಬನ್ನಿ.