ಜೋತುಬಿದ್ದ ಚರ್ಮಕ್ಕೆ ಅಂಜಬೇಕೆ?



ನನ್ನ ಮೊದಲ ವರ್ಷಗಳ ವಿದ್ಯಾರ್ಥಿಗಳೇ ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಮೊದಲೆಲ್ಲ ದೂರವಾಣಿಯಲ್ಲಿ ಮಕ್ಕಳ ಓದು, ಮದುವೆಗಳ ಸುದ್ದಿ ಬರುತ್ತಿತ್ತು. ಈಗ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವಿನ ಮಾತು. ವೈದ್ಯರ ಸಲಹೆಯಂತೆ ಹತ್ತು ಹದಿನೈದು ಕಿಲೋ ತೂಕ ಇಳಿಸಿದ ಕೆಲವರು ಈಚೆಗೆ ಹೊಸದೊಂದು ಚಿಂತೆಯನ್ನು ಹೇಳಿಕೊಳ್ಳುತ್ತಿದ್ದಾರೆ. ತೋಳು, ಹೊಟ್ಟೆ, ಗದ್ದದ ಕೆಳಗಿನ ಚರ್ಮ ಜೋತುಬಿದ್ದಿದೆ. ಕನ್ನಡಿಯಲ್ಲಿ ಒಮ್ಮೆಲೇ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತದೆ. ಅದಕ್ಕಿಂತಲೂ ಕಾಡುವುದು ಜನರ ಮಾತು. ಚಿಕ್ಕೋಡಿಯ ಸಂತೆಯಿರಲಿ, ರಾಯಬಾಗದ ಮದುವೆ ಮನೆಯಿರಲಿ, "ಯಾಕ್ರೀ, ಭಾಳ ಸೊರಗೀರಲ್ಲ, ಆರಾಮ ಅದೀರಿಲ್ಲೋ?" ಎಂಬ ಪ್ರಶ್ನೆ ತಪ್ಪದು. ಇದನ್ನು ಕೇಳಿ ಕೇಳಿ ಬೇಸತ್ತು, ನಡಿಗೆಯನ್ನು ಬಿಟ್ಟು ಮೊದಲಿನಂತೆ ಉಣ್ಣತೊಡಗಿದವರೂ ಇದ್ದಾರೆ. ಅಂಥವರಿಗಾಗಿ ಈ ನಾಲ್ಕು ಮಾತು.

ಮೈ ತುಂಬಿಕೊಂಡವರೇ ಸುಖಿಗಳು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬರಗಾಲವನ್ನೂ ಕ್ಷಯರೋಗವನ್ನೂ ಕಂಡ ಹಿರಿಯರಿಗೆ ಕೃಶದೇಹವೆಂದರೆ ಆಪತ್ತಿನ ಗುರುತೇ ಆಗಿತ್ತು. ಆದರೆ ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡು ಕಬ್ಬು ಬೆಳೆಯುವ ಇಂದಿನ ಸೀಮೆಯಲ್ಲಿ ಹೊಲಕ್ಕೂ ಮೋಟಾರ್ ಸೈಕಲ್ ಮೇಲೆಯೇ ಹೋಗುವ ನಮಗೆ ಆ ಅಳತೆಗೋಲು ಸಲ್ಲದು. ಪ್ರಾಚೀನರು ಕೂಡ ದಪ್ಪ ದೇಹವನ್ನು ಕೊಂಡಾಡಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲ, ಅತಿಕೃಶ ದೇಹಗಳೆರಡನ್ನೂ ನಿಂದಿತವೆಂದು ಎಣಿಸಿ, ಎರಡರಲ್ಲಿ ಕಾರ್ಶ್ಯವೇ ಮೇಲೆಂದು ಹೇಳುತ್ತದೆ.

ಇನ್ನು ಚರ್ಮದ ವಿಷಯ. ಚರ್ಮವೆಂದರೇನು ಎಂಬುದನ್ನು ಅಥಣಿ, ನಿಪ್ಪಾಣಿ ಸೀಮೆಯ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚ್ಯಂಕ ಮನ್ನಣೆಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕುಶಲಕರ್ಮಿಗಳಿಗೂ ಪಾಲಿದೆ. ಅವರು ತೊಗಲಿನ ಮೇಲ್ಪದರವನ್ನು ತೆಗೆದು, ಉಳಿದ ದಪ್ಪ ಪದರವನ್ನು ಅಳಲೆಕಾಯಿ, ಜಾಲಿ ತೊಗಟೆಗಳ ಒಗರಿನಲ್ಲಿ ದಿನಗಟ್ಟಲೆ ನೆನೆಸಿ ಹದಗೊಳಿಸುತ್ತಾರೆ. ಆ ದಪ್ಪ ಪದರದ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ನಮ್ಮ ಚರ್ಮಕ್ಕೆ ಗಟ್ಟಿತನ ಕೊಡುವುದೂ ಅದೇ. ಹಿಗ್ಗಿದ್ದನ್ನು ಕುಗ್ಗಿಸುವುದು ಇಲಾಸ್ಟಿನ್ ಎಂಬ ಇನ್ನೊಂದು ಎಳೆ. ಇಲಾಸ್ಟಿನ್ ಬಹುಪಾಲು ಎಳವೆಯಲ್ಲಿಯೇ ಸಿದ್ಧವಾಗುವಂಥದು. ಮುಂದೆ ಸವೆದುದೆಲ್ಲ ಮೊದಲಿನಂತೆ ತುಂಬಿಬರುವುದಿಲ್ಲ. ಬಿಸಿಲೂ ಬೀಡಿಯ ಹೊಗೆಯೂ ಈ ಎಳೆಗಳನ್ನು ಕೆಡಿಸುತ್ತವೆ ಎಂಬುದನ್ನು ತಂಬಾಕಿನ ನಾಡಿನವರು ಮರೆಯಬಾರದು. ಹೀಗಿರುವಾಗ, ಇಪ್ಪತ್ತು ಮೂವತ್ತು ವರ್ಷ ಹಿಗ್ಗಿ ನಿಂತ ಚರ್ಮ ಅರವತ್ತರಲ್ಲಿ ಪೂರ್ತಿ ಕುಗ್ಗಬೇಕೆಂದು ನಿರೀಕ್ಷಿಸುವುದು ಹೇಗೆ?

ಈ ನಿರೀಕ್ಷೆಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೊಂದಿದೆ. ಚರ್ಮ ಬಿಗಿಗೊಳಿಸುವ ಲೇಪ, ತೈಲ, ಕೊಲಾಜೆನ್ ಕ್ರೀಮುಗಳ ಜಾಹೀರಾತು ಎಲ್ಲೆಲ್ಲೂ ಕಾಣುತ್ತದೆ. ಕೊಲಾಜೆನ್ ಅಣು ಬಹು ದೊಡ್ಡದು. ಮೇಲೆ ಹಚ್ಚಿದರೆ ಅದು ಚರ್ಮದ ಒಳಪದರಕ್ಕೆ ಇಳಿಯಲಾರದು. ಲೇಪದಿಂದ ಒಣಚರ್ಮ ನುಣುಪಾದೀತು. ಜೋತುಬಿದ್ದ ಹೊಟ್ಟೆ ಮೇಲೇರದು. ಹೆಚ್ಚಿನ ಚರ್ಮವನ್ನು ನಿಜವಾಗಿ ತೆಗೆಯುವುದು ಶಸ್ತ್ರಚಿಕಿತ್ಸೆಯೊಂದೇ. ಅದರ ಕಲೆ ಉದ್ದವಾಗಿ ಉಳಿಯುತ್ತದೆ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆಗಳ ಅಪಾಯವೂ ಉಂಟು. ಚರ್ಮದ ಮಡಿಕೆಯಲ್ಲಿ ಪದೇ ಪದೇ ಹುಣ್ಣಾಗುತ್ತಿದ್ದರೆ, ನಡೆಯಲು ತೊಡಕಾಗಿದ್ದರೆ ಬೆಳಗಾವಿಗೋ ಮೀರಜಿಗೋ ಹೋಗಿ ತಜ್ಞರನ್ನು ಕಾಣಿರಿ. ತೂಕ ಕೆಲವು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಂತಿರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ಧೂಮಪಾನ ಬಿಟ್ಟಿರಬೇಕು ಎಂದು ಅವರು ಹೇಳುತ್ತಾರೆ. ಉಳಿದವರಿಗೆ ಮಡಿಕೆಗಳನ್ನು ತೊಳೆದು ಚೆನ್ನಾಗಿ ಒರೆಸಿ ಒಣಗಿಸಿಕೊಳ್ಳುವುದೇ ಸಾಕು. ಹಳೆಯ ಅಳತೆಯ ಅಂಗಿ, ಜಂಪರುಗಳನ್ನು ಸಿಂಪಿಗರಲ್ಲಿ ಹಿಡಿಸಿಕೊಳ್ಳಿರಿ. ಅರ್ಧ ಸೊರಗು ಬಟ್ಟೆಯದೇ ಆಗಿರುತ್ತದೆ.

ನಾವು ನಿಜವಾಗಿ ಚಿಂತಿಸಬೇಕಾದುದು ಚರ್ಮದ ಕೆಳಗಿನ ಸ್ನಾಯುವಿನ ಬಗ್ಗೆ. ಬರೀ ಉಪವಾಸದಿಂದ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವಾಗಿರುತ್ತದೆ. ಅದರಲ್ಲಿ ಸ್ನಾಯುವೂ ಸೇರಿದೆ. 2025ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿರುವ ಮೌಂಜಾರೊ, ವೆಗೋವಿಯಂಥ ಚುಚ್ಚುಮದ್ದು ಪಡೆಯುವವರೂ ಇದನ್ನು ಗಮನದಲ್ಲಿಡಬೇಕು. ಸ್ನಾಯು ಕರಗಿದರೆ ಚರ್ಮ ಇನ್ನಷ್ಟು ಜೋಲುತ್ತದೆ, ಕಾಲು ನಡುಗುತ್ತದೆ, ಬಿದ್ದು ಎಲುಬು ಮುರಿಯುತ್ತದೆ. ಸ್ನಾಯುವಾದರೋ ಮುಪ್ಪಿನಲ್ಲಿಯೂ ಬೆಳೆಯುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಸರಾಸರಿ ತೊಂಬತ್ತು ವಯಸ್ಸಿನ ವೃದ್ಧರಿಂದ 8 ವಾರ ಕಾಲುಗಳಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ, ಅವರ ಕಾಲಿನ ಬಲ ಎರಡು ಪಟ್ಟಿಗಿಂತಲೂ ಹೆಚ್ಚಾಯಿತು. ನಮಗೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸುವುದು ಒಳ್ಳೆಯ ಆರಂಭ. ಜೊತೆಗೆ ಪ್ರೋಟೀನು ಬೇಕು. ಅರವತ್ತೈದು ದಾಟಿದವರಿಗೆ ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಇರಬೇಕೆಂಬುದು ಹಲವು ತಜ್ಞರ ಅಭಿಪ್ರಾಯ. ಎರಡು ರೊಟ್ಟಿಯ ಬದಲು ಒಂದು ರೊಟ್ಟಿ, ಜೊತೆಗೆ ಬಟ್ಟಲು ತುಂಬ ಮಡಕಿ ಕಾಳಿನ ಪಲ್ಯ, ಜುಣಕ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

"ಸೊರಗೀರಲ್ಲ" ಎನ್ನುವವರಲ್ಲಿ ಅಕ್ಕರೆ ಇಲ್ಲವೆಂದು ನಾನು ಹೇಳಲಾರೆ. ತಾನಾಗಿಯೇ ತೂಕ ಇಳಿಯುತ್ತಿದ್ದರೆ ಆ ಪ್ರಶ್ನೆ ಒಂದು ಜೀವವನ್ನೇ ಉಳಿಸಬಹುದು. ಪ್ರಯತ್ನವಿಲ್ಲದೆ ಆರೇಳು ತಿಂಗಳಲ್ಲಿ 70 ಕಿಲೋ ತೂಕದವರು ಮೂರೂವರೆ ಕಿಲೋ ಕಳೆದುಕೊಂಡರೆ ಸಕ್ಕರೆ, ಕ್ಷಯ, ಥೈರಾಯ್ಡ್, ಅರ್ಬುದಗಳ ತಪಾಸಣೆ ಆಗಲೇಬೇಕು. ಆದ್ದರಿಂದ ಪ್ರಶ್ನೆಯನ್ನು ತುಸು ಬದಲಿಸೋಣ. "ತೂಕ ನೀವಾಗಿಯೇ ಇಳಿಸಿದಿರೋ, ತಾನಾಗಿ ಇಳಿಯಿತೋ?" ಎಂದು ಕೇಳೋಣ. ಮೊದಲನೆಯದಾದರೆ "ಛಲೋ ಮಾಡಿದಿರಿ" ಎನ್ನೋಣ. ಎರಡನೆಯದಾದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.

ವಲೀಪಲಿತಗಳು, ಎಂದರೆ ಸುಕ್ಕು ನರೆಗಳು, ಬಾಳಿದವರಿಗೆ ಬರತಕ್ಕವೇ. ತೂಕ ಇಳಿಸಿದವರ ಜೋತ ಚರ್ಮ ಅವರು ಕೈಗೊಂಡ ವ್ರತವೊಂದರ ಗುರುತು. ಅದನ್ನು ಕಂಡು ನಾಚಿ ಇಳಿಸಿದ ಭಾರವನ್ನು ಮತ್ತೆ ಹೊರಬೇಡಿರಿ. ನಾಳೆಯೂ ನಡಿಗೆಗೆ ಹೊರಡಿರಿ.